ಬಾಡಿಗೆ ಚಂದ್ರಿಕೆ ಮತ್ತು ಚಿಕ್ಕತಾಯಮ್ಮನ ಕೈ

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಯಾವ ಸಾಫ್ಟ್‌ವೇರ್ ಕಲಿಯಬೇಕು, ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂದು ಕೇಳುತ್ತಾರೆ. ಮೊದಲು ವಾಸನೆ ತಡೆದುಕೊಳ್ಳುವುದನ್ನು ಕಲಿಯಿರಿ ಎನ್ನುತ್ತೇನೆ. ನಗುತ್ತಾರೆ. ನಗಲಿ. ಸತ್ತ ರೇಷ್ಮೆ ಹುಳುಗಳನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಕನಕಪುರದಿಂದ ರಾಮನಗರಕ್ಕೆ ಮಧ್ಯಾಹ್ನದ ಬಸ್ಸಿನಲ್ಲಿ ಬಂದವರಿಗೆ ಮಾತ್ರ ನನ್ನ ಮಾತು ಅರ್ಥವಾದೀತು. ಒಮ್ಮೆ ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದು, "ಏನಮ್ಮಾ, ಸಾರು ಹಳ್ಸೋಗದಾ?" ಎಂದು ಕೇಳಿದ. "ಹೂಂ ಕಣಪ್ಪ" ಎಂದೆ. "ಅಂಗಾರೆ ಚೆಲ್ಬಾರ್ದಾ, ಮನೆಗಂಟ ಯಾಕ್ ಹೊತ್ಕೊಂಡ್ ಹೋಯ್ತೀರಿ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಬುದ್ಧಿ ಹೇಳಿದ. ನಾನು ತಲೆ ಬಗ್ಗಿಸಿ ಒಪ್ಪಿಕೊಂಡೆ. ನಿಜ ಹೇಳಿದ್ದರೆ ನಡುದಾರಿಯಲ್ಲೇ ಇಳಿಸುತ್ತಿದ್ದರು.

ನನ್ನ ಕಸುಬು ಇಷ್ಟು: ರೇಷ್ಮೆ ಹುಳುವಿಗೆ ಸಪ್ಪೆ ರೋಗ ತರುವ ಒಂದು ಬ್ಯಾಕ್ಟೀರಿಯಾದ ಜೀನೋಮು ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎಂದು ನೋಡುವುದು. ಜೀನೋಮು ಎಂದರೆ ಒಂದು ಜೀವ ತನ್ನ ಸಂಸಾರ ಸಾಗಿಸಲು ಬೇಕಾದದ್ದನ್ನೆಲ್ಲ ನಾಲ್ಕೇ ಅಕ್ಷರಗಳಲ್ಲಿ ಬರೆದಿಟ್ಟುಕೊಂಡ ಬರಹ. ಬ್ಯಾಕ್ಟೀರಿಯಾ ಒಂದು ಎರಡಾಗುವಾಗಲೆಲ್ಲ ಆ ಬರಹವನ್ನು ನಕಲು ಮಾಡುತ್ತದೆ. ನಕಲು ಮಾಡುವಾಗ ಅಪರೂಪಕ್ಕೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪುಗಳೇ ನನಗೆ ಅನ್ನ ಹಾಕಿದವು.

ನಾನು ಸೇರಿದ ಹೊಸತರಲ್ಲಿ ಆ ಅಕ್ಷರಗಳನ್ನು ಕಣ್ಣಿನಿಂದಲೇ ಓದುತ್ತಿದ್ದೆವು. ಎಕ್ಸ್‌ರೇ ಹಾಳೆಯಂಥದ್ದನ್ನು ಕಿಟಕಿಗೆ ಹಿಡಿದು ಒಬ್ಬರು "ಜಿ, ಜಿ, ಸಿ, ಎ" ಎಂದು ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ನಮ್ಮ ಅಟೆಂಡರ್ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, "ಇದ್ಯಾವ ಮಂತ್ರ ಮೇಡಂ, ಮುಗ್ಯಾದೇ ಇಲ್ವಲ್ಲ" ಎನ್ನುತ್ತಿದ್ದ. ಅವನು ಹೇಳಿದ್ದು ಸರಿ. ಇಡೀ ಜೀನೋಮನ್ನು ಹಾಗೆ ಓದಲು ನಮ್ಮ ಆಯಸ್ಸು ಸಾಲುತ್ತಿರಲಿಲ್ಲ. ಅದಕ್ಕೇ ಕೆಲವೇ ಜೀನುಗಳನ್ನು ಆರಿಸಿಕೊಂಡು ಅಷ್ಟನ್ನು ಮಾತ್ರ ಓದಿ, ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುವ ಹಾಗೆ ನೋಡುತ್ತಿದ್ದೆವು.

ನನ್ನ ಮೇಲಧಿಕಾರಿ ಡಾಕ್ಟರ್ ವರದರಾಜು. ಬುದ್ಧಿವಂತ, ಮುಂಗೋಪಿ, ಮಹಾ ಶೋಕಿಲಾಲ. ಇಸ್ತ್ರಿ ಮುರಿಯದ ಶರ್ಟು, ಅದರ ಮೇಲೆ ಮಲ್ಲಿಗೆ ಸೆಂಟು. ಹಳ್ಳಿಗೆ ಹೋಗಿ ಹುಳು ಆರಿಸುವುದು ನಮ್ಮಂಥವರ ಕೆಲಸ, ತಾನು ಯೋಚನೆ ಮಾಡುವವನು ಎಂದು ನಂಬಿದ್ದರು. ಆದರೂ ಒಂದು ದಿನ ನನ್ನ ಕಾಟ ತಾಳಲಾರದೆ ಜೀಪು ಹತ್ತಿ ಕನಕಪುರದಾಚೆ ಕೋಡಿಹಳ್ಳಿ ಕಡೆಯ ಒಂದು ಊರಿಗೆ ಬಂದರು. ಅಲ್ಲಿ ನಾವು ಹೋದದ್ದು ಚಿಕ್ಕತಾಯಮ್ಮನ ಮನೆಗೆ.

ಚಿಕ್ಕತಾಯಮ್ಮ ಎಂದರೆ ಆ ಊರಿನಲ್ಲಿ ಹುಳು ಸಾಕುವುದರಲ್ಲಿ ಪಳಗಿದ ಕೈ. ನನಗಿಂತ ಸ್ವಲ್ಪ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆ ತೋಟವನ್ನೂ ಹುಳು ಮನೆಯನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಆ ಸೀಮೆಯ ಹುಳು ಮನೆಗಳಿಗೆ ದೇವರ ಮನೆಗಿಂತ ಹೆಚ್ಚು ಮಡಿ. ಕಾಲು ತೊಳೆಯಬೇಕು, ಹೊಸಲಲ್ಲಿ ಸುಣ್ಣದ ಪುಡಿ ತುಳಿಯಬೇಕು, ಹೂ ಮುಡಿದಿರಬಾರದು, ಬೀಡಿ ಸೇದಿರಬಾರದು. ವರದರಾಜು ಅವರು ಇನ್ನೂ ಅಂಗಳದಲ್ಲಿರುವಾಗಲೇ ಚಿಕ್ಕತಾಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂತ್ಕಳಿ ಸ್ವಾಮಿ. ಏನ್ ಬಳ್ಕೊಂಡ್ ಬಂದಿದ್ದೀರಿ? ಈ ಗಮಲಿಗೆ ನನ್ ಹುಳ ಮೇವು ಬುಟ್ಬುಡ್ತವೆ."

"ನಾನು ವಿಜ್ಞಾನಿ ಕಣಮ್ಮ" ಎಂದರು ನಮ್ಮ ಸಾಹೇಬರು.

"ಆಗ್ಲಿ ಸ್ವಾಮಿ, ಒಳ್ಳೇದೇಯ. ಅಗೋ ಅಲ್ಲಿ ಪಂಪ್‌ಸೆಟ್ ಐತೆ, ಒಸಿ ಮಿಂದ್ಕಂಡು ಬನ್ನಿ."

ಸಾಹೇಬರು ಮೀಯಲಿಲ್ಲ. ಜೀಪಿನಲ್ಲಿ ಕೂತು ಕಡಲೆಕಾಯಿ ತಿಂದರು. ವಾಪಸು ಬರುವಾಗ ನಾನು ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದುಕೊಂಡೆ. ಆ ಹೆಂಗಸು ನನಗೆ ಅವತ್ತೇ ತುಂಬಾ ಇಷ್ಟವಾದಳು.

ಆ ದಿನಗಳಲ್ಲಿ ನೆಲ ನಮ್ಮ ಕಾಲ ಕೆಳಗೇ ಸರಿಯುತ್ತಿತ್ತು. ಈ ಬ್ಯಾಕ್ಟೀರಿಯಾ ಮಣ್ಣಿನಲ್ಲೂ ಇರುವುದರಿಂದ ಬಿಡದಿ ಹತ್ತಿರ ಒಂದು ಹಿಪ್ಪುನೇರಳೆ ತೋಟದ ಮಣ್ಣಿನಿಂದ ನಾನು ಪ್ರತಿ ಬೆಳೆಗೂ ಮಾದರಿ ತೆಗೆಯುತ್ತಿದ್ದೆ. ಒಂದು ಸಲ ಹೋದರೆ ತೋಟವಿಲ್ಲ, ಉದ್ದಕ್ಕೆ ಕಾಂಪೌಂಡು, ಗೇಟಿನಲ್ಲಿ ಸೆಕ್ಯುರಿಟಿಯವನು. ಒಳಗೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ ಏಳುತ್ತಿತ್ತು. "ಒಂದು ಹಿಡಿ ಮಣ್ಣು ಬೇಕಿತ್ತು" ಎಂದೆ. ಅವನು ನನ್ನ ಚೀಲ ನೋಡಿದ, ಮುಖ ನೋಡಿದ, "ಯಾರಿಗ್ ಮಾಟ ಮಾಡ್ಸಕ್ಕೆ ಮೇಡಂ?" ಎಂದ. ಅದನ್ನು ಕೇಳಿ ಕಾಂಟ್ರಾಕ್ಟರು ಬಂದ, ಇಬ್ಬರೂ ನಕ್ಕರು, ಕೊನೆಗೆ ಬೇಕಾದಷ್ಟು ತಗೊಳ್ಳಿ ಎಂದು ಒಂದು ಬಾಂಡ್ಲಿ ಮಣ್ಣನ್ನೇ ತಂದು ಸುರಿದರು. ಅದು ಬೇರೆ ಊರಿನಿಂದ ಲಾರಿಯಲ್ಲಿ ಬಂದ ಮಣ್ಣು ಎಂದು ಲ್ಯಾಬಿನಲ್ಲಿ ಗೊತ್ತಾಯಿತು.

ಇನ್ನು ಅಸಲು ಕಥೆಗೆ ಬರುತ್ತೇನೆ. ಚಿಕ್ಕತಾಯಮ್ಮನ ಊರಿನಲ್ಲಿ ಸಪ್ಪೆ ರೋಗ ಬಂತು. ಚೆನ್ನಾಗಿ ಮೇಯುತ್ತಿದ್ದ ಹುಳು ಇದ್ದಕ್ಕಿದ್ದಂತೆ ಮಂಕಾಗಿ, ಮೆತ್ತಗಾಗಿ, ಕಪ್ಪಾಗಿ ಸಾಯುವ ರೋಗ ಅದು. ಒಂದು ಮನೆಯಾಯಿತು, ಇನ್ನೊಂದಾಯಿತು, ಕಡೆಗೆ ಅವಳ ಮನೆಗೂ ಬಂತು. ನಾನು ಡಬ್ಬಿ ಹಿಡಿದುಕೊಂಡು ಹೋದಾಗ ಅವಳು ಹುಳು ಮನೆ ತೊಳೆದು ಜಗುಲಿಯ ಮೇಲೆ ಸುಮ್ಮನೆ ಕೂತಿದ್ದಳು. ಬೆಳೆ ಹೋಯಿತೆಂದು ದುಃಖ ಎಂದುಕೊಂಡು ಸಮಾಧಾನ ಹೇಳಲು ಹೋದೆ.

"ಅದಲ್ಲ ಮೇಡಂ" ಎಂದಳು. "ಹನುಮೇಗೌಡ್ರ ಮನೇಲಿ ಸಾಯ್ದೆ ಉಳ್ದಿದ್ ಹುಳ ಹಣ್ಣಾಗಿದ್ವು. ನನ್ನ ಕರೀಲಿಲ್ಲ."

ಊರಿನವರಲ್ಲದವರಿಗೆ ಇದರ ತೂಕ ತಿಳಿಯುವುದಿಲ್ಲ. ಹುಳು ಮೇಯುವುದು ನಿಲ್ಲಿಸಿ ಹೊನ್ನಿನ ಬಣ್ಣಕ್ಕೆ ತಿರುಗಿ ಗೂಡು ಕಟ್ಟಲು ತಯಾರಾದಾಗ ಹಣ್ಣಾಯಿತು ಎನ್ನುತ್ತಾರೆ. ಆಗ ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿಯ ಮೇಲೆ ಸುರುಳಿಯಾಗಿ ದಬ್ಬೆ ಸುತ್ತಿದ್ದು. ಹುಳು ಆ ಸಂದಿಗಳಲ್ಲಿ ಗೂಡು ಕಟ್ಟುತ್ತದೆ. ಎಲ್ಲವೂ ಒಟ್ಟಿಗೇ ಹಣ್ಣಾಗುವುದರಿಂದ ಅಕ್ಕಪಕ್ಕದವರೆಲ್ಲ ಬಂದು ಕೈ ಹಾಕುತ್ತಾರೆ. ಆ ಊರಿನಲ್ಲಿ ಮೊದಲ ಹುಳುವನ್ನು ಕೈಗುಣ ಇರುವ ಹೆಂಗಸೊಬ್ಬಳು ಬಿಡಬೇಕೆಂದು ಪದ್ಧತಿ. ಬಹಳ ವರ್ಷಗಳಿಂದ ಆ ಹೆಂಗಸು ಚಿಕ್ಕತಾಯಮ್ಮ. ಅವಳು ಹೋಗಿ ಬಂದ ಮನೆಗಳಲ್ಲೇ ರೋಗ ಬರುತ್ತಿದೆ, ಅವಳ ಕೈ ಕೆಟ್ಟಿದೆ ಎಂದು ಈಗ ಊರು ಮಾತಾಡುತ್ತಿತ್ತು. ಎಲ್ಲ ಮನೆಗೂ ಹೋಗುವವಳು ಅವಳೊಬ್ಬಳೇ ಆದ್ದರಿಂದ ಯಾವ ಮನೆಗೆ ರೋಗ ಬಂದರೂ ಅವಳು ಹೋಗಿ ಬಂದ ಮನೆಯೇ ಆಗಿರುತ್ತಿತ್ತು. ಇಷ್ಟು ಸುಲಭದ ಲೆಕ್ಕ ಯಾರಿಗೂ ಹೊಳೆಯಲಿಲ್ಲ. ಸಿಟ್ಟಿನಲ್ಲಿ ನನಗೂ ಅವತ್ತು ಹೊಳೆಯಲಿಲ್ಲ ಎನ್ನಿ.

"ಹುಳ ಸತ್ರೆ ತಿರ್ಗಾ ಮೊಟ್ಟೆ ತರ್ಬೋದು ಮೇಡಂ" ಎಂದಳು. "ಕೈಯೇ ಕೆಟ್ಟದು ಅಂದ್ರೆ ಎಲ್ಲಿಂದ ತರ್ಲಿ? ಒಂದೊಂದ್ ದಪ ನಂಗೇ ಅನುಮಾನ ಬತ್ತದೆ. ನೀವು ಕ್ರಿಮಿ ನೋಡೋರಲ್ವಾ, ನನ್ ಕೈ ಒಸಿ ನೋಡಿ ಹೇಳಿ."

ಎರಡೂ ಅಂಗೈ ಮುಂದೆ ಹಿಡಿದಳು. ಹತ್ತಿ ಕಡ್ಡಿಯಲ್ಲಿ ಒರೆಸಿಕೊಂಡು ಬಂದೆ. ಲ್ಯಾಬಿನಲ್ಲಿ ಏನೂ ಬೆಳೆಯಲಿಲ್ಲ. ಓಡಿಹೋಗಿ ಅವಳಿಗೆ ಹೇಳೋಣ ಎಂದು ಚಪ್ಪಲಿ ಹಾಕಿಕೊಂಡಿದ್ದೆ, ವರದರಾಜು ತಡೆದರು. "ಇವತ್ತು ಇಲ್ಲ ಅಂದರೆ ಅವತ್ತು ಇರಲಿಲ್ಲ ಅಂತಲ್ಲಮ್ಮ" ಎಂದರು. ಅದು ನಿಜವಾದ್ದರಿಂದ ಚಪ್ಪಲಿ ಬಿಚ್ಚಿದೆ.

ಮುಂದಿನದು ಇನ್ನೂ ಕಷ್ಟ. ಚನ್ನಪಟ್ಟಣ, ಮಾಗಡಿ, ಕನಕಪುರ ಎಲ್ಲ ಕಡೆಯ ಸತ್ತ ಹುಳುಗಳಿಂದ ತೆಗೆದ ಬ್ಯಾಕ್ಟೀರಿಯಾದ ಜೀನುಗಳನ್ನು ಹೋಲಿಸಿದರೆ ಒಂದಕ್ಕೊಂದು ಅಚ್ಚು ಹೊಡೆದಂತಿದ್ದವು. ವರದರಾಜು ನನ್ನ ಮೇಲೆ ಹರಿಹಾಯ್ದರು. "ಡಬ್ಬಿ ತೊಳೆದಿಲ್ಲ ನೀನು! ಒಂದರದ್ದು ಇನ್ನೊಂದಕ್ಕೆ ಅಂಟಿದೆ!" ನನಗೂ ರೋಷ ಬಂತು. ಹೊಸ ಡಬ್ಬಿ, ಹೊಸ ಕೈಗವಸು, ಹೊಸ ಹುಳು ತಂದು ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಮತ್ತೆ ಅದೇ ಉತ್ತರ. ಈ ಸಲ ಅವರು ಬೈಯಲಿಲ್ಲ, ಗಲ್ಲ ಕೆರೆದುಕೊಂಡರು. "ಹಾಗಾದರೆ ಯಾರೋ ಹೊತ್ತು ತಿರುಗುತ್ತಿದ್ದಾರೆ. ಊರಿನವರು ಹೇಳುವುದೂ ಸರಿ ಇರಬಹುದಲ್ಲ?" ಎಂದರು. ಚಿಕ್ಕತಾಯಮ್ಮ ಚನ್ನಪಟ್ಟಣಕ್ಕೆ ಹೋಗಿದ್ದಾಳೆಯೇ, ಅಲ್ಲಿ ನೆಂಟರಿದ್ದಾರೆಯೇ ಎಂದು ನನ್ನ ತಲೆಯೂ ಲೆಕ್ಕ ಹಾಕತೊಡಗಿತು.

ಇಡೀ ಜೀನೋಮನ್ನೇ ಓದುವ ಯಂತ್ರಗಳು ಆಗತಾನೇ ಬಂದಿದ್ದವು. ಬೆಂಗಳೂರಿಗೆ ಮಾದರಿ ಕಳಿಸಿದರೆ ಕೆಲವು ವಾರಗಳ ನಂತರ ಸಿ.ಡಿ.ಯಲ್ಲಿ ಉತ್ತರ ಬರುತ್ತಿತ್ತು. ನಾಲ್ಕು ಜೀನಿನಲ್ಲಿ ಕಾಣದ ಸಣ್ಣ ಸಣ್ಣ ತಪ್ಪುಗಳು ಇಡೀ ಜೀನೋಮಿನಲ್ಲಿ ಕಂಡೇ ಕಾಣುತ್ತವೆ. ವರದರಾಜು ದೊಡ್ಡವರ ಕೈಕಾಲು ಹಿಡಿದು ಒಪ್ಪಿಗೆ ತಂದರು. ಮಾದರಿಗಳನ್ನು ಆರಿಸುತ್ತಾ ನನಗೆ ಖುಷಿಗಿಂತ ಭಯವೇ ಜಾಸ್ತಿ ಇತ್ತು. ಇದು ಅವಳ ಕೈಯನ್ನು ಬಿಡಿಸಬಹುದು, ಇಲ್ಲವೇ ಯಾರೂ ಮತ್ತೆಂದೂ ಬಿಡಿಸಲಾರದ ಹಾಗೆ ಕಟ್ಟಿಹಾಕಬಹುದು.

ಆ ವಾರದಲ್ಲೇ ನಡೆದದ್ದು ಇದು. ಚನ್ನಪಟ್ಟಣದ ಕಡೆ ಹೋಗುತ್ತಾ ಕೆಂಗಲ್ಲಿನಲ್ಲಿ ನಮ್ಮ ಜೀಪು ನಿಂತಿತು. ನಮ್ಮ ಡ್ರೈವರ್ ಅಲ್ಲಿನ ಗುಡಿಯ ಆಂಜನೇಯನಿಗೆ ಕೈ ಮುಗಿಯದೆ ಮುಂದೆ ಹೋಗುವವನಲ್ಲ. ನಮ್ಮ ಮುಂದೆ ಚಂದ್ರಿಕೆಗಳನ್ನು ಮುಗಿಲೆತ್ತರ ಪೇರಿಸಿದ ಒಂದು ಟೆಂಪೋ ನಿಂತಿತ್ತು. ಸುಮ್ಮನೆ ನೋಡುತ್ತಾ ಕೂತಿದ್ದವಳು ಒಂದು ಚಂದ್ರಿಕೆಯ ಮುರಿದ ಅಂಚಿಗೆ ಹಸಿರು ಸೀರೆಯ ಸೆರಗು ಸುತ್ತಿ ಕಟ್ಟಿದ್ದನ್ನು ಕಂಡೆ. ಆ ಸೆರಗನ್ನು ನನ್ನ ಕಣ್ಣೆದುರೇ ಹರಿದು ಕಟ್ಟಿದ್ದವಳು ಚಿಕ್ಕತಾಯಮ್ಮ. ಮುರಿದದ್ದನ್ನು ಮುರಿದ ಹಾಗೇ ಬಿಡುವ ಜಾಯಮಾನ ಅವಳದಲ್ಲ. ಕೋಡಿಹಳ್ಳಿ ಕಡೆಯ ಚಂದ್ರಿಕೆ ಕೆಂಗಲ್ಲಿಗೆ ಏಕೆ ಬಂತು ಎಂದು ನೆನೆಯುವಷ್ಟರಲ್ಲಿ ನಾನು ಜೀಪಿನಿಂದಿಳಿದು, ಸೆರಗು ಸಿಕ್ಕಿಸಿ, ಟೆಂಪೋದ ಚಕ್ರದ ಮೇಲೆ ಕಾಲಿಟ್ಟು ಮೇಲೇರಿ, ಹತ್ತಿ ಕಡ್ಡಿಯಲ್ಲಿ ದಬ್ಬೆಗಳನ್ನು ಒರೆಸುತ್ತಿದ್ದೆ.

ಟೆಂಪೋ ಡ್ರೈವರ್ ಒಡೆದ ತೆಂಗಿನಕಾಯಿ ಹಿಡಿದುಕೊಂಡು ಬಂದವನು ದಂಗಾದ. "ಯಾರಮ್ಮಾ ನೀವು? ನನ್ ಗಾಡಿ ಮ್ಯಾಲೆ ಏನ್ ಮಾಡ್ತಾ ಇದ್ದೀರಿ?"

"ಬ್ಯಾಕ್ಟೀರಿಯಾ ಹುಡುಕ್ತಿದ್ದೀನಿ."

"ಅಂಗಂದ್ರೆ? ಕದ್ದ ಮಾಲಾ? ದೇವ್ರಾಣೆಗೂ ನಂಗೊತ್ತಿಲ್ಲ ಕಣಮ್ಮಾ, ನಾನು ಬಾಡಿಗೆ ಹೊಡೆಯೋನು!"

ಅವನನ್ನು ಸಮಾಧಾನ ಮಾಡಿ, ಅವನೇ ಕೊಟ್ಟ ಕಾಯಿ ಚೂರು ತಿನ್ನುತ್ತಾ ವಿಚಾರಿಸಿದೆ. ಚಂದ್ರಿಕೆಗಳು ರಾಮನಗರದ ಒಬ್ಬ ಮಾಲೀಕನವು. ಮನೆಮನೆಗೆ ಬಾಡಿಗೆಗೆ ಕೊಡುತ್ತಾನೆ. "ಚನ್ನಪಟ್ಟಣದ ಕಡೆ ಸುರು ಮಾಡ್ತೀನಿ, ಅಲ್ಲಿಂದ ಮಾಗಡಿ, ಆಮ್ಯಾಕೆ ಕೋಡಳ್ಳಿ ಕಡೆ. ಅಲ್ಲಿ ಮುಗುದ್ರೆ ತಿರ್ಗಾ ಚನ್ನಪಟ್ಟಣ. ಗಾಣದೆತ್ತು ಕಣಮ್ಮಾ ನಾನು" ಎಂದ. ಮಧ್ಯೆ ತೊಳೆಯುತ್ತಾರೆಯೇ ಎಂದು ಕೇಳಿದೆ. "ಮಳೆ ಬಂದ್ರೆ ಅದೇ ತೊಳೀತದೆ" ಎಂದ. ನಾನು ಆ ರಸ್ತೆಯಲ್ಲೇ ಕುಣಿಯುವುದೊಂದು ಬಾಕಿ. ಒರೆಸಿದ ಮಾದರಿಯನ್ನೂ ಬೆಂಗಳೂರಿಗೆ ಹೋಗುವ ಪೆಟ್ಟಿಗೆಗೆ ಸೇರಿಸಿದೆ.

ಸಿ.ಡಿ. ಬಂದ ದಿನ ನಾನೂ ವರದರಾಜು ಅವರೂ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂತೆವು. ಅಕ್ಷರಗಳೇನೋ ಬಂದವು, ಆದರೆ ಯಾರಿಂದ ಯಾರಿಗೆ ಹೋಯಿತು ಎಂದು ಹೇಳುವುದು ಹೇಗೆ? ನನಗೆ ನೆನಪಾದದ್ದು ನಮ್ಮಪ್ಪ. ಮಾಗಡಿಯಲ್ಲಿ ಮೇಷ್ಟರಾಗಿದ್ದರು, ಕಾಪಿ ಹೊಡೆದವರನ್ನು ಹಿಡಿಯುವುದರಲ್ಲಿ ನಿಸ್ಸೀಮರು. "ಸರಿ ಉತ್ತರ ಯಾರು ಬೇಕಾದರೂ ಬರೀಬಹುದು, ಅದನ್ನ ನೋಡಬೇಡ. ತಪ್ಪು ನೋಡು. ಒಂದೇ ತಪ್ಪು ಇಬ್ಬರು ಬರೆದಿದ್ದರೆ ಪಕ್ಕಪಕ್ಕ ಕೂತಿದ್ದಾರೆ. ಆ ತಪ್ಪಿನ ಜೊತೆಗೆ ಇನ್ನೊಂದು ತಪ್ಪನ್ನು ತಾನೇ ಸೇರಿಸಿರುವವನು ನೋಡಿ ಬರೆದವನು" ಎನ್ನುತ್ತಿದ್ದರು. ನಾವು ಸುಮ್ಮನೆ ಅಪ್ಪ ಹೇಳಿದಂತೆ ಮಾಡಿದೆವು.

ಚನ್ನಪಟ್ಟಣದ ಬ್ಯಾಕ್ಟೀರಿಯಾದಲ್ಲಿ ಕೆಲವು ತಪ್ಪುಗಳು. ಮಾಗಡಿಯದರಲ್ಲಿ ಅವೂ ಇದ್ದವು, ಅದರದೇ ಒಂದೆರಡು ಹೊಸವೂ ಇದ್ದವು. ಹನುಮೇಗೌಡರ ಮನೆಯದರಲ್ಲಿ ಆ ಎಲ್ಲವೂ, ಜೊತೆಗೆ ಅವರ ಮನೆಯದು. ಚಿಕ್ಕತಾಯಮ್ಮನ ಮನೆಯದರಲ್ಲಿ ಇವಿಷ್ಟೂ, ಮೇಲೆ ಅವಳ ಮನೆಯದೊಂದು. ಆ ಕೊನೆಯ ತಪ್ಪು ಊರಿನ ಬೇರೆ ಯಾವ ಮನೆಯಲ್ಲೂ ಇರಲಿಲ್ಲ. ಅಂದರೆ ಅವಳಿಂದ ಯಾರಿಗೂ ಹೋಗಿರಲಿಲ್ಲ, ಎಲ್ಲರಿಂದ ಅವಳಿಗೆ ಬಂದಿತ್ತು. ತಪ್ಪುಗಳು ಕೂಡುತ್ತಾ ಬಂದ ದಾರಿ ಟೆಂಪೋದವನು ಹೇಳಿದ ದಾರಿಯೇ. ಅವಳ ಮನೆಯ ತಪ್ಪನ್ನೂ ಸೇರಿಸಿ ಎಲ್ಲವನ್ನೂ ಹೊತ್ತುಕೊಂಡಿದ್ದು ಒಂದೇ, ಕೆಂಗಲ್ಲಿನಲ್ಲಿ ಒರೆಸಿದ ಚಂದ್ರಿಕೆ. ಬ್ಯಾಕ್ಟೀರಿಯಾ ಗಟ್ಟಿ ಕವಚ ತೊಟ್ಟು ಬಿದಿರಿನ ಸಂದಿಯಲ್ಲಿ ಮಲಗಿ, ಟೆಂಪೋ ಸವಾರಿ ಮಾಡಿ, ಹೊಸ ಹುಳು ಸಿಕ್ಕಲ್ಲಿ ಎದ್ದು ಊಟಕ್ಕೆ ಕೂರುತ್ತಿತ್ತು.

ವರದರಾಜು ಎದ್ದು, "ಜೀಪು ತೆಗೆಸು. ಆ ಯಮ್ಮನಿಗೆ ಹೇಳಬೇಕು" ಎಂದರು. ಬಾಗಿಲ ತನಕ ಹೋಗಿ ವಾಪಸು ಬಂದು ಮುಖ ಮೈ ತೊಳೆದುಕೊಂಡರು. ನನ್ನ ಇಡೀ ಸರ್ವೀಸಿನಲ್ಲಿ ಒಬ್ಬ ಮೇಲಧಿಕಾರಿಯ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಇನ್ನೊಮ್ಮೆ ಇಲ್ಲ.

ಊರಿನ ಹಾಲಿನ ಡೇರಿ ಮುಂದೆ ಜನ ಸೇರಿದರು. ಅಪ್ಪನ ಕಾಪಿ ಹೊಡೆಯುವ ಹುಡುಗರ ಕಥೆಯನ್ನೇ ಹೇಳಿ ಎಲ್ಲ ವಿವರಿಸಿದೆ. ಜನಕ್ಕೆ ಅರ್ಥವಾಯಿತು, ಬೇಕಾದ್ದಕ್ಕಿಂತ ಜಾಸ್ತಿಯೇ ಅರ್ಥವಾಯಿತು.

"ಅಂಗಾರೆ ಗೌಡ್ರೇ" ಎಂದು ಚಿಕ್ಕತಾಯಮ್ಮ ಸೊಂಟಕ್ಕೆ ಕೈಯಿಟ್ಟಳು, "ನಿಮ್ ಮನೆ ರೋಗವ ನಾನ್ ತಂದ್ಕಂಡಿದ್ದು! ಕಾಪಿ ಹೊಡ್ದೋಳು ನಾನಾದ್ರೆ, ಬರ್ದೋರು ನೀವು!"

ಜನ ಹೋ ಎಂದು ನಕ್ಕರು. ಊರಿನ ದೊಡ್ಡ ಸಾಕಣೆಗಾರ ಹನುಮೇಗೌಡರ ಮುಖ ಕೆಂಪಾಯಿತು. ತಪ್ಪು ಯಾರ ಮನೆಯದೂ ಅಲ್ಲ, ಬಾಡಿಗೆ ಚಂದ್ರಿಕೆಯದು ಎಂದು ನಾನು ನಡುವೆ ಬಾಯಿ ಹಾಕಿದೆ.

"ನೀವ್ ಹೇಳೋದು ಕೇಳಕ್ಕೆ ಚಂದಾಗದೆ ಮೇಡಂ" ಎಂದರು ಗೌಡರು. "ಆದ್ರೆ ಕಂಪ್ಯೂಟರ್ ಮಾತ ನಂಬ್ಕಂಡು ಹುಳ ಸಾಕಕ್ಕಾಯ್ತದಾ? ಒಂದ್ ಬೆಳೆ ಎತ್ತಿ ತೋರ್ಸಿ. ಆಮ್ಯಾಕೆ ನೋಡಾನ."

ನನಗೆ ಕೋಪ ಬಂತು. ಆದರೆ ಯೋಚಿಸಿದರೆ ಆತ ಕೇಳಿದ್ದು ನಾವು ಒಬ್ಬರನ್ನೊಬ್ಬರು ಕೇಳುವುದನ್ನೇ. ಚಂದ್ರಿಕೆ ಮಾಲೀಕನನ್ನು ಹಿಡಿದೆವು. ಪ್ರತಿ ಊರು ಬಿಡುವ ಮುನ್ನ ಬೆಂಕಿಯ ಜ್ವಾಲೆ ಆಡಿಸಿ, ಔಷಧಿ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಬೇಕೆಂದು ಒಪ್ಪಿಸಿದೆವು. ಹುಳು ಇನ್ನೂ ಮೇಯುತ್ತಿರುವಾಗಲೇ ಹುಳು ಮನೆಯ ಗೋಡೆಗೆ ಚಂದ್ರಿಕೆ ಒರಗಿಸಿಡುವುದನ್ನು ನಿಲ್ಲಿಸಿದೆವು. ಟೆಂಪೋದವನು, "ಇನ್ ಮ್ಯಾಲೆ ಇವುಕ್ಕೂ ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹಿಡೀಬೇಕಾ ಮೇಡಂ" ಎಂದು ಗೊಣಗಿದ, ಆದರೆ ಮಾಡಿದ. ಹೊಸ ಮೊಟ್ಟೆ ಬಂತು, ಒಡೆದು ಹುಳುವಾಯಿತು, ಊರಿಗೆ ಊರೇ ಮೇವು ಕೊಯ್ದು ಹಾಕಿತು.

ಆ ಬೆಳೆ ಪೂರ್ತಿ ನಾನು ಎರಡು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಯಾವ ಮನೆಯಲ್ಲೂ ಸಪ್ಪೆ ರೋಗ ಕಾಣಲಿಲ್ಲ. ಆದರೂ ಯಾರೂ ಚಿಕ್ಕತಾಯಮ್ಮನ ಬಾಗಿಲಿಗೆ ಬರಲಿಲ್ಲ. ನಕ್ಕು ಮಾತಾಡಿಸುತ್ತಿದ್ದರು, ನೀರು ಕೊಡುತ್ತಿದ್ದರು, ಹುಳು ಮನೆಗೆ ಮಾತ್ರ ಬಾ ಎನ್ನುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ನನ್ನನ್ನು ಊಟಕ್ಕೆ ಕೂರಿಸಿದಳು. ಬಿಸಿ ರಾಗಿ ಮುದ್ದೆ, ಅವರೆಕಾಳಿನ ಸಾರು. ತಾನೂ ಎದುರಿಗೆ ತಟ್ಟೆ ಇಟ್ಟುಕೊಂಡಳು.

"ಗೌಡ್ರ ಹುಳ ಇವತ್ತೋ ನಾಳೆಯೋ ಹಣ್ಣಾಯ್ತವೆ" ಎಂದಳು ಮುದ್ದೆ ಮುರಿಯುತ್ತಾ. "ಕರೀದಿದ್ರೂ ಬುಡಿ ಮೇಡಂ. ನೀವ್ ಹೇಳಿದ್ರಲ್ಲ ನನ್ ಕೈಯಾಗೆ ಏನೂ ಇಲ್ಲ ಅಂತವ, ನಂಗಷ್ಟು ಸಾಕು."

ಸಾಕಾಗಿರಲಿಲ್ಲ. ತುತ್ತು ಅವಳ ಕೈಯಲ್ಲೇ ಇತ್ತು, ಬಾಯಿಗೆ ಹೋಗಿರಲಿಲ್ಲ. ಅಷ್ಟು ಜೀನೋಮು ಓದಿ ನಾನು ಕೊಟ್ಟದ್ದು ಒಂದು ಉತ್ತರ ಮಾತ್ರ. ಅವಳಿಗೆ ಬೇಕಾಗಿದ್ದುದು ಒಂದು ಕರೆ, ಅದು ನನ್ನ ಕೈಯಲ್ಲಿರಲಿಲ್ಲ.

ಆಗ ಬೀದಿಯಲ್ಲಿ ಯಾರೋ ಓಡಿಬರುವ ಸದ್ದಾಯಿತು. ಹನುಮೇಗೌಡರ ಹೆಂಡತಿ ಜಯಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಲೇ ಇಲ್ಲ.

"ಅಕ್ಕಾ! ಹುಳ ಹಣ್ಣಾಗ್ಬುಟ್ಟವೆ. ಆಳೆಲ್ಲಾ ಬಂದು ನಿಂತವ್ರೆ, ಯಾರೂ ಕೈ ಹಾಕಿಲ್ಲ. ಮೊದ್ಲು ನೀನ್ ಬಂದು ಬುಡ್ಬೇಕಂತೆ, ಅವ್ರೇ ಕಳ್ಸವ್ರೆ. ಏಳಕ್ಕಾ, ಬಾ!"

ಚಿಕ್ಕತಾಯಮ್ಮ ಎದ್ದಳು. ತುತ್ತನ್ನು ತಟ್ಟೆಗೆ ಹಾಕಿ, ಹಿತ್ತಲಿಗೆ ಹೋಗಿ ಎರಡೂ ಕೈಯನ್ನು ಮೊಣಕೈ ತನಕ ಉಜ್ಜಿ ಉಜ್ಜಿ ತೊಳೆದಳು. ಹೊಸಲು ದಾಟುವಾಗಲಷ್ಟೇ ಅವಳಿಗೆ ನನ್ನ ನೆನಪಾಯಿತು. "ಸಾರು ಒಲೆ ಮ್ಯಾಲಿದೆ, ನೀವೇ ಬಡಿಸ್ಕಂಡು ಉಣ್ಣಿ ಮೇಡಂ" ಎಂದು ಹೇಳಿ, ಉತ್ತರಕ್ಕೂ ಕಾಯದೆ ಜಯಮ್ಮನ ಹಿಂದೆ ಹುಡುಗಿಯ ಹಾಗೆ ಓಡಿದಳು.

ನನಗೆ ಆಮೇಲೆ ಶಾಲು ಹೊದಿಸಿದವರಿದ್ದಾರೆ, ಹಾರ ಹಾಕಿದವರಿದ್ದಾರೆ. ಅವು ಯಾವುವೂ ಈಗ ಸರಿಯಾಗಿ ನೆನಪಿಲ್ಲ. ಖಾಲಿ ಮನೆಯಲ್ಲಿ ಒಬ್ಬಳೇ ಕೂತು, ಬಾಗಿಲಿನಾಚೆ ಅವಳು ಓಡಿದ ಬೀದಿಯನ್ನೇ ನೋಡುತ್ತಾ, ಇನ್ನೊಂದು ಮುದ್ದೆ ನಾನೇ ಹಾಕಿಕೊಂಡು ಹೊಟ್ಟೆ ತುಂಬ ಉಂಡೆ.